ಅರಮನೆಯ ಪಾರುಪತ್ತೇಗಾರ ಮತ್ತು ಐರಿಷ್ ನಾಟಕ

2022ರ ಸೆಪ್ಟೆಂಬರ್‌ನಲ್ಲಿ ಎಲಿಜಬೆತ್ ರಾಣಿಯ ಅಂತ್ಯಕ್ರಿಯೆಯನ್ನು ಟಿವಿಯಲ್ಲಿ ನೋಡಿದವರಿಗೆ ನೆನಪಿರಬಹುದು. ಕೊನೆಗೆ ಒಬ್ಬರು ತೆಳ್ಳನೆಯ ಕೋಲೊಂದನ್ನು ಎರಡು ತುಂಡು ಮಾಡಿ ಶವಪೆಟ್ಟಿಗೆಯ ಮೇಲಿಟ್ಟರು. ಅವರೇ ಲಾರ್ಡ್ ಚೇಂಬರ್ಲಿನ್. ನಮ್ಮ ಮಾತಲ್ಲಿ ಅರಮನೆಯ ಪಾರುಪತ್ತೇಗಾರ. ರಾಜಮನೆತನದ ಮದುವೆ, ಸಾವು, ತೋಟದ ಔತಣ, ಯಾರು ಎಲ್ಲಿ ನಿಲ್ಲಬೇಕು, ಇದೆಲ್ಲ ಆ ಕಚೇರಿಯ ಕೆಲಸ.

ಇದೇ ಕಚೇರಿ 1737ರ ಕಾಯ್ದೆಯಿಂದ ಹಿಡಿದು 1968ರವರೆಗೂ ನಾಟಕಗಳಿಗೆ ಕತ್ತರಿ ಹಾಕುತ್ತಿತ್ತು ಅಂದರೆ ನಂಬುತ್ತೀರಾ? ಹೊಸ ನಾಟಕ ಆಡಬೇಕಾದರೆ ಹಸ್ತಪ್ರತಿ ಮೊದಲು ಅಲ್ಲಿಗೆ ಹೋಗಬೇಕು. ಬೇಡ ಅಂದರೆ ಮುಗಿಯಿತು, ಮೇಲ್ಮನವಿ ಇಲ್ಲ. ನಮ್ಮಲ್ಲಿ 1876ರ ನಾಟಕ ಕಾಯ್ದೆ ಬಂದಾಗ ಕತ್ತರಿ ಸರ್ಕಾರದ ಕೈಯಲ್ಲಿತ್ತು. ಲಂಡನ್ನಿನಲ್ಲಿ ಅದು ಔತಣದ ಆಮಂತ್ರಣ ಬರೆಸುವವರ ಕೈಯಲ್ಲಿತ್ತು!

ಆ ಕತ್ತರಿಗೆ ಐರಿಷ್ ಲೇಖಕರು ಸಿಕ್ಕಿದಷ್ಟು ಚೆನ್ನಾಗಿ ಇನ್ಯಾರೂ ಸಿಗಲಿಲ್ಲ ಅಂತ ನನಗೆ ಅನಿಸುತ್ತದೆ. ಆ ಕಾಯ್ದೆಯಡಿ ಮೊದಲು ನಿಷೇಧವಾದ ನಾಟಕವೇ ಐರ್ಲೆಂಡಿನ ಹೆನ್ರಿ ಬ್ರೂಕ್‌ನದು, 1739ರಲ್ಲಿ. ಕಥೆ ಸ್ವೀಡನ್ನಿನದು. ಆದರೆ ಅದರ ಕೆಟ್ಟ ಮಂತ್ರಿಯಲ್ಲಿ ಜನರಿಗೆ ತಮ್ಮ ಪ್ರಧಾನಿ ವಾಲ್‌ಪೋಲ್ ಕಂಡುಬಿಟ್ಟ.

ಆಸ್ಕರ್ ವೈಲ್ಡ್ 'ಸಲೋಮೆ'ಯನ್ನು ಫ್ರೆಂಚ್‌ನಲ್ಲಿ ಬರೆದಿದ್ದ. 1892ರಲ್ಲಿ ಸಾರಾ ಬರ್ನ್‌ಹಾರ್ಟ್‌ರಂಥ ನಟಿ ಲಂಡನ್ನಿನಲ್ಲಿ ಅದರ ತಾಲೀಮು ಶುರು ಮಾಡಿದ್ದರು. ಬೈಬಲ್ಲಿನ ಪಾತ್ರಗಳನ್ನು ರಂಗಕ್ಕೆ ತರುವಂತಿಲ್ಲ ಅನ್ನುವ ಹಳೇ ನಿಯಮ ಮುಂದಿಟ್ಟು ಅದನ್ನು ನಿಲ್ಲಿಸಿದರು. ವೈಲ್ಡ್ ಸಿಟ್ಟಿನಲ್ಲಿ ಫ್ರೆಂಚ್ ಪ್ರಜೆಯೇ ಆಗಿಬಿಡುತ್ತೇನೆ ಅಂದ. ಆಗಲಿಲ್ಲ. 1896ರಲ್ಲಿ ಪ್ಯಾರಿಸ್ಸಿನಲ್ಲಿ ಅದರ ಮೊದಲ ಪ್ರದರ್ಶನವಾದಾಗ ಆತ ಇಂಗ್ಲೆಂಡಿನ ಜೈಲಿನಲ್ಲಿದ್ದ.

'ನಿಷೇಧ ಆದರೆ ಒಳ್ಳೇದೇ, ಪುಕ್ಕಟೆ ಪ್ರಚಾರ' ಅನ್ನುವ ಮಾತು ಆಗಾಗ ಕೇಳುತ್ತೇವೆ, ಅಲ್ವಾ? ನನಗೆ ಒಪ್ಪಿಗೆಯಿಲ್ಲ. ಬರ್ನಾರ್ಡ್ ಷಾ 1893ರಲ್ಲಿ 'ಮಿಸೆಸ್ ವಾರನ್ಸ್ ಪ್ರೊಫೆಷನ್' ಬರೆದ. ಲಂಡನ್ನಿನ ಸಾರ್ವಜನಿಕ ರಂಗಕ್ಕೆ ಅದು ಬಂದದ್ದು 1925ರಲ್ಲಿ. ಬರೆಯುವಾಗ ಮೂವತ್ತೇಳು, ನೋಡುವಾಗ ಅರವತ್ತೊಂಬತ್ತು. ಈ ಪ್ರಚಾರ ಯಾರಿಗೆ ಬೇಕು?

ಆದರೆ ಷಾ ಸುಮ್ನೆ ಕೂರುವ ಆಸಾಮಿಯಲ್ಲ. 1909ರಲ್ಲಿ ಅವನ ಇನ್ನೊಂದು ನಾಟಕ ಸಿಕ್ಕಿಬಿತ್ತು. ಅದರಲ್ಲಿ ಕುದುರೆ ಕಳ್ಳನೊಬ್ಬ ದೇವರ ಬಗ್ಗೆ ಒರಟಾಗಿ ಮಾತಾಡುತ್ತಾನೆ. ಆಗ ಹಸ್ತಪ್ರತಿ ಓದುತ್ತಿದ್ದ ರೆಡ್‌ಫರ್ಡ್ ಹಿಂದೆ ಬ್ಯಾಂಕ್ ಮ್ಯಾನೇಜರ್ ಆಗಿದ್ದವರು. ದೇವನಿಂದೆ ಅಂತ ತಡೆದರು. ಆದರೆ ಅರಮನೆಯ ಈ ಅಧಿಕಾರ ಐರ್ಲೆಂಡಿಗೆ ತಲುಪುತ್ತಿರಲಿಲ್ಲ! ಡಬ್ಲಿನ್ನಿನ ಅಬೆ ಥಿಯೇಟರ್ ನಡೆಸುತ್ತಿದ್ದ ಲೇಡಿ ಗ್ರೆಗರಿ ಮತ್ತು ಯೇಟ್ಸ್ ನಾಟಕವನ್ನು ಎತ್ತಿಕೊಂಡರು. ಐರ್ಲೆಂಡಿನಲ್ಲಿದ್ದ ಬ್ರಿಟಿಷ್ ವೈಸ್‌ರಾಯ್ ಕಡೆಯಿಂದ ಜೋರು ಒತ್ತಡ ಬಂತು. ಇವರು ಬಗ್ಗಲಿಲ್ಲ. ಆಗಸ್ಟ್ 25ರಂದು ರಂಗಮಂದಿರ ತುಂಬಿತ್ತು. ಅಲ್ಲಿ ಕೂತು ನೋಡಿ ಇಟಲಿ ಭಾಷೆಯ ಪತ್ರಿಕೆಗೆ ವರದಿ ಬರೆದವನು ಜೇಮ್ಸ್ ಜಾಯ್ಸ್. ಒಂದೇ ಸಂಜೆಯಲ್ಲಿ ಇಷ್ಟು ಜನ! ಆ ಪ್ರಸಂಗ ಓದಿದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಇನ್ನು ಐರ್ಲೆಂಡಿನವನೇ ಆದ ಸ್ಯಾಮ್ಯುಯೆಲ್ ಬೆಕೆಟ್. 'ಎಂಡ್‌ಗೇಮ್'ನಲ್ಲಿ ಪಾತ್ರಗಳು ಪ್ರಾರ್ಥನೆಗೆ ಕೂರುತ್ತವೆ, ಏನೂ ಆಗುವುದಿಲ್ಲ. ಆಗ ಹ್ಯಾಮ್ ದೇವರಿಗೆ 'ಬಾಸ್ಟರ್ಡ್' ಅಂತ ಬೈದು, ಅವನು ಇಲ್ಲವೇ ಇಲ್ಲ ಅನ್ನುತ್ತಾನೆ. 1957ರಲ್ಲಿ ಲಂಡನ್ನಿನ ರಾಯಲ್ ಕೋರ್ಟ್‌ನಲ್ಲಿ ನಾಟಕ ಫ್ರೆಂಚ್‌ನಲ್ಲೇ ನಡೆದಾಗ ಈ ಮಾತಿಗೆ ಯಾರ ತಕರಾರೂ ಇರಲಿಲ್ಲ. ವೈಲ್ಡ್‌ಗೆ ಫ್ರೆಂಚ್ ಸಹಾಯಕ್ಕೆ ಬರಲಿಲ್ಲ, ಬೆಕೆಟ್‌ಗೆ ಬಂತು. ಮರುವರ್ಷ ಇಂಗ್ಲಿಷ್‌ನಲ್ಲಿ ಆಡಲು ಹೊರಟಾಗ ಕಚೇರಿ ಎಚ್ಚೆತ್ತಿತು. ಆ ಬೈಗುಳ ನಡೆಯುವುದಿಲ್ಲ! ತಿಂಗಳುಗಟ್ಟಲೆ ಹಗ್ಗಜಗ್ಗಾಟವಾಯಿತು. ಕೊನೆಗೆ ಬೆಕೆಟ್ ಒಂದು ಪದ ಬದಲಿಸಿದ, 'ಸ್ವೈನ್'. ಅಂದರೆ ಹಂದಿ. ಅರಮನೆ ಒಪ್ಪಿತು. ದೇವರು ಇಲ್ಲವೇ ಇಲ್ಲ ಅನ್ನುವ ಮಾತು ಹಾಗೇ ಉಳಿಯಿತು.