ದೇವರನ್ನು ಒಪ್ಪದವರು ಪ್ರಭುತ್ವವನ್ನು ಒಪ್ಪಬಹುದೇ?

ಮಂಗಳೂರು, ಉಡುಪಿಗಳ ವಿಚಾರಗೋಷ್ಠಿಗಳಲ್ಲಿ ನಾಸ್ತಿಕತೆಯ ಬಗ್ಗೆ ಮಾತು ಧಾರಾಳವಾಗಿ ನಡೆಯುತ್ತದೆ. ಅರಾಜಕತಾವಾದದ ಬಗ್ಗೆ ಅಪರೂಪ. ಮೊದಲನೆಯದು ದೇವರ ಅಧಿಕಾರವನ್ನು ಅಲ್ಲಗಳೆದರೆ ಎರಡನೆಯದು ಸರಕಾರ, ಪೊಲೀಸು, ನ್ಯಾಯಾಲಯಗಳ ರೂಪದಲ್ಲಿರುವ ಪ್ರಭುತ್ವದ ಅಧಿಕಾರವನ್ನು ಅಲ್ಲಗಳೆಯುತ್ತದೆ. ಒಂದನ್ನು ಬಿಟ್ಟವರು ಇನ್ನೊಂದನ್ನೂ ಬಿಡಲೇಬೇಕೆಂಬ ತರ್ಕ ನಿಲ್ಲುತ್ತದೆಯೇ? ಎರಡೂ ಪಕ್ಷಗಳನ್ನು ನಾನೇ ಬರೆದಿದ್ದೇನೆ. ನನ್ನ ಒಲವನ್ನು ಮುಚ್ಚಿಡಲು ಹೋಗಿಲ್ಲ.

ಪರ: ಅರ್ಧದಾರಿಯಲ್ಲಿ ನಿಲ್ಲುವಂತಿಲ್ಲ

ಆಜ್ಞೆ ಮೇಲಿನಿಂದ ಬಂದಿದೆ ಎಂಬ ಒಂದೇ ಕಾರಣಕ್ಕೆ ತಲೆಬಾಗಲಾರೆ, ಅದು ಸರಿಯೋ ತಪ್ಪೋ ಎಂಬುದನ್ನು ನನ್ನ ವಿವೇಚನೆಯೇ ತೀರ್ಮಾನಿಸಬೇಕು ಎಂಬುದು ನಾಸ್ತಿಕನ ವಾದದ ತಿರುಳು. ಅರಾಜಕತಾವಾದಿ ಇದಕ್ಕಿಂತ ಹೆಚ್ಚಿನದನ್ನೇನೂ ಹೇಳುವುದಿಲ್ಲ. ನಾವು ಹುಟ್ಟುವ ಮೊದಲೇ ಇದ್ದ, ನಮ್ಮ ಒಪ್ಪಿಗೆಯನ್ನು ಕೇಳದೆಯೇ ನಮ್ಮನ್ನು ತನ್ನ ಪ್ರಜೆಗಳೆಂದು ಬರೆದುಕೊಂಡ, ಪಾಲಿಸದಿದ್ದರೆ ದಂಡಿಸುವ ಹಕ್ಕು ತನಗೊಬ್ಬನಿಗೇ ಇದೆಯೆನ್ನುವ ವ್ಯವಸ್ಥೆಯನ್ನು ಅವನು ಅದೇ ಪ್ರಶ್ನೆಯ ಮುಂದೆ ನಿಲ್ಲಿಸುತ್ತಾನೆ, ಅಷ್ಟೆ.

ರಷ್ಯದ ಮಿಖಾಯಿಲ್ ಬಕುನಿನ್ ಈ ಎರಡನ್ನೂ ಮುಚ್ಚುಮರೆಯಿಲ್ಲದೆ ಜೋಡಿಸಿದವನು. ಅವನು 1876ರಲ್ಲಿ ತೀರಿಕೊಂಡ ಮೇಲೆ, 1882ರಲ್ಲಿ ಪ್ರಕಟವಾದ ಅವನ ಪ್ರಸಿದ್ಧ ಕೃತಿಯ ಹೆಸರಿನಲ್ಲೇ ದೇವರು ಮತ್ತು ಪ್ರಭುತ್ವ ಅಕ್ಕಪಕ್ಕದಲ್ಲಿವೆ. ದೇವರು ಇಲ್ಲದಿದ್ದರೆ ಅವನನ್ನು ಕಲ್ಪಿಸಿಕೊಳ್ಳಬೇಕಾಗುತ್ತಿತ್ತು ಎಂದಿದ್ದ ವೋಲ್ಟೇರನ ಮಾತನ್ನು ತಿರುವಿ, ದೇವರು ನಿಜಕ್ಕೂ ಇದ್ದರೆ ಅವನನ್ನು ಇಲ್ಲವಾಗಿಸಬೇಕಾಗುತ್ತದೆ ಎಂದು ಅವನು ಬರೆದ. ಹಾಗೆಂದು ಬಕುನಿನ್ ಎಲ್ಲ ಬಗೆಯ ಅಧಿಕಾರವನ್ನೂ ತಳ್ಳಿಹಾಕಲಿಲ್ಲ. ಬೂಟಿನ ವಿಷಯದಲ್ಲಿ ಬೂಟು ಹೊಲಿಯುವವನ ಮಾತನ್ನು ಕೇಳುತ್ತೇನೆ, ಆದರೆ ಆ ಮಾತನ್ನು ನನ್ನ ಮೇಲೆ ಹೇರಲು ಬಿಡುವುದಿಲ್ಲ ಎಂದ. ತಿಳಿವಳಿಕೆಯಿಂದ ಬಂದ ಅಧಿಕಾರಕ್ಕೂ ಪೀಠದಿಂದ ಬಂದ ಅಧಿಕಾರಕ್ಕೂ ಇರುವ ಈ ವ್ಯತ್ಯಾಸವನ್ನು ಒಪ್ಪುವ ನಾಸ್ತಿಕ, ದೇವಸ್ಥಾನದ ಹೊರಗೆ ಮಾತ್ರ ಅದನ್ನು ಮರೆಯಲು ಕಾರಣವೇನೂ ಕಾಣುವುದಿಲ್ಲ.

ನಮ್ಮ ಕರಾವಳಿಯಲ್ಲಂತೂ ಎರಡು ಅಧಿಕಾರಗಳೂ ಒಂದನ್ನೊಂದು ಆತುಕೊಂಡೇ ನಿಂತಿವೆ. ಕೊಲ್ಲೂರು, ಕುಕ್ಕೆ ಸುಬ್ರಹ್ಮಣ್ಯದಂತಹ ಕ್ಷೇತ್ರಗಳು ಮುಜರಾಯಿ ಇಲಾಖೆಯ ಸುಪರ್ದಿಯಲ್ಲಿದ್ದು, ಅಲ್ಲಿನ ಹುಂಡಿಯ ಹಣದ ಲೆಕ್ಕಕ್ಕೆ ಸರಕಾರ ಹೊಣೆ. ಇನ್ನು ನೇಮದ, ಅಂದರೆ ತುಳುನಾಡಿನ ದೈವಾರಾಧನೆಯ ಅಂಗಳವನ್ನು ನೋಡಿ. ದೈವ ಕಟ್ಟಿ ಆವೇಶಗೊಂಡವನ ಮುಂದೆ ಗುತ್ತಿನ, ಅಂದರೆ ಊರಿನ ಪ್ರತಿಷ್ಠಿತ ಮನೆತನದ ಯಜಮಾನ ಕೈಮುಗಿದು, ತಲೆ ತಗ್ಗಿಸಿ ನಿಲ್ಲುತ್ತಾನೆ. ದೈವ ಮನೆತನಗಳನ್ನು ಅವುಗಳ ಅಂತಸ್ತಿನ ಕ್ರಮದಲ್ಲೇ ಹೆಸರು ಹಿಡಿದು ಕರೆಯುತ್ತದೆ, ಆ ಕ್ರಮ ತಪ್ಪಿದರೆ ಅಲ್ಲೇ ತಕರಾರು ಏಳುತ್ತದೆ. ಬೆಳಗಾಗಿ ಬೆನ್ನಿನ ಅಣಿ ಬಿಚ್ಚಿ, ಕಾಲಿನ ಗಗ್ಗರ ಕಳಚಿ, ಮುಖದ ಬಣ್ಣ ತೊಳೆದ ಮೇಲೆ ದೈವ ಕಟ್ಟಿದಾತ ಮತ್ತೆ ಕೆಳಜಾತಿಯ ಪಂಬದನೋ ಪರವನೋ ಆಗಿ ಅಂಗಳದ ಅಂಚಿಗೆ ಮರಳುತ್ತಾನೆ. ರಾತ್ರಿಯಿಡೀ ತಲೆಕೆಳಗಾದಂತೆ ಕಂಡ ಶ್ರೇಣಿಯನ್ನು ಅದೇ ಆಚರಣೆ ದೈವದ ಬಾಯಿಂದಲೇ ಖಾತ್ರಿಪಡಿಸಿರುತ್ತದೆ. ದೈವವನ್ನು ನಂಬದವನು ಈ ಕ್ರಮಪಟ್ಟಿಯನ್ನು ಮಾತ್ರ ನಂಬುತ್ತೇನೆಂದರೆ ಅದಕ್ಕೆ ಅರ್ಥವಿಲ್ಲ.

ಆಧುನಿಕ ಪ್ರಭುತ್ವ ದೇವರನ್ನು ಬಿಟ್ಟಿದೆಯಲ್ಲ ಎನ್ನಬಹುದು. ಸಂವಿಧಾನದ ಮೂರನೆಯ ಅನುಸೂಚಿಯಲ್ಲಿ ಮಂತ್ರಿಗಳ, ಶಾಸಕರ ಪ್ರಮಾಣವಚನದ ಒಕ್ಕಣೆಯಿದೆ. ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು ಅಥವಾ ಸತ್ಯನಿಷ್ಠೆಯಿಂದ ದೃಢೀಕರಿಸಬಹುದು, ಆಯ್ಕೆ ಅವರದು. ಆದರೆ ಅದರ ಮುಂದಿನ ಸಾಲಿನಲ್ಲಿ ಸಂವಿಧಾನಕ್ಕೆ ಸಲ್ಲಿಸಬೇಕಾದ ನಿಷ್ಠೆಗೆ ಅಂತಹ ಆಯ್ಕೆ ಇಲ್ಲ. ಪೀಠದಲ್ಲಿ ಕುಳಿತವರು ಬದಲಾಗಿದ್ದಾರೆ, ಪೀಠ ಹಾಗೆಯೇ ಇದೆ.

ವಿರೋಧ: ಎರಡು ಪ್ರಶ್ನೆಗಳನ್ನು ಒಂದು ಮಾಡಬಾರದು

ಮೇಲಿನ ವಾದ ಕೇಳಲು ಚೆನ್ನಾಗಿದೆ, ಆದರೆ ಅದರ ಅಡಿಪಾಯದಲ್ಲೇ ಬಿರುಕಿದೆ. ನಾಸ್ತಿಕ ಕೇಳುವುದು, ಇದು ಇದೆಯೇ ಎಂದು. ಅರಾಜಕತಾವಾದಿ ಕೇಳುವುದು, ಇದು ಬೇಕೇ ಎಂದು. ತಹಶೀಲ್ದಾರರ ಕಚೇರಿ ಇದೆಯೋ ಇಲ್ಲವೋ ಎಂಬ ಸಂದೇಹ ಯಾರಿಗೂ ಇಲ್ಲ. ಒಂದು ವಸ್ತುವಿನ ಇರವಿಗೆ ಪುರಾವೆಯಿಲ್ಲ ಎಂದು ಹೇಳಿದವನು, ಕಣ್ಣೆದುರಿಗಿರುವ ಇನ್ನೊಂದು ವ್ಯವಸ್ಥೆ ಅನಗತ್ಯ ಎಂದೂ ಒಪ್ಪಬೇಕಾದ ಹಂಗಿನಲ್ಲಿ ಸಿಲುಕುವುದಿಲ್ಲ.

ತರ್ಕ ಹಾಗಿರಲಿ, ಇತಿಹಾಸವೂ ಬಕುನಿನ್‌ನ ಜೋಡಿಯನ್ನು ಬೆಂಬಲಿಸುವುದಿಲ್ಲ. ನಮ್ಮ ದೇಶದ ಅತ್ಯಂತ ಹಳೆಯ ನಾಸ್ತಿಕರಾದ ಚಾರ್ವಾಕರ ಮತವನ್ನು ಹದಿನಾಲ್ಕನೆಯ ಶತಮಾನದ ಸರ್ವದರ್ಶನಸಂಗ್ರಹ ವಿವರಿಸುತ್ತಾ, ‘ಲೋಕಸಿದ್ಧೋ ರಾಜಾ ಪರಮೇಶ್ವರಃ’ ಎನ್ನುತ್ತದೆ. ಲೋಕವೆಲ್ಲ ಬಲ್ಲ ರಾಜನೇ ಪರಮೇಶ್ವರ, ಬೇರೊಬ್ಬನಿಲ್ಲ. ಚಾರ್ವಾಕ ಮತದ ಮೂಲಪುರುಷನೆನ್ನಲಾಗುವ ಬೃಹಸ್ಪತಿಯ ಅನುಯಾಯಿಗಳು ವೇದವಿದ್ಯೆಯನ್ನು ಬದಿಗಿಟ್ಟು ವಾರ್ತೆ (ಕೃಷಿ, ಪಶುಪಾಲನೆ, ವ್ಯಾಪಾರ) ಮತ್ತು ದಂಡನೀತಿ (ರಾಜ್ಯಾಡಳಿತ) ಇವೆರಡನ್ನು ಮಾತ್ರ ವಿದ್ಯೆಗಳೆಂದು ಎಣಿಸುತ್ತಿದ್ದರು ಎಂದು ಕೌಟಿಲ್ಯ ದಾಖಲಿಸುತ್ತಾನೆ. ಇದನ್ನು ಬರೆದವರು ಚಾರ್ವಾಕರ ಎದುರಾಳಿಗಳು ಎಂಬ ಎಚ್ಚರ ಇರಬೇಕು, ನಿಜ. ಆದರೂ ದೇವರನ್ನು ಕೆಳಗಿಳಿಸಿದವರು ರಾಜನನ್ನು ಮೇಲೇರಿಸಿದರು ಎಂಬುದು ಆ ಕಾಲದವರಿಗೆ ಅಸಂಗತವಾಗಿ ಕಂಡಿಲ್ಲ. ಇಪ್ಪತ್ತನೆಯ ಶತಮಾನಕ್ಕೆ ಬಂದರೆ, ನಾಸ್ತಿಕತೆಯನ್ನು ಪ್ರಚಾರ ಮಾಡಿದ ಸೋವಿಯತ್ ಪ್ರಭುತ್ವವೇ 1921ರಲ್ಲಿ ಕ್ರೋನ್‌ಸ್ಟಾಟ್‌ನ ನಾವಿಕರ ದಂಗೆಯನ್ನು ಸೈನ್ಯ ಕಳುಹಿಸಿ ಹೊಸಕಿತು. 1967ರಲ್ಲಿ ತನ್ನನ್ನು ನಾಸ್ತಿಕ ರಾಷ್ಟ್ರವೆಂದು ಸಾರಿಕೊಂಡ ಅಲ್ಬೇನಿಯದಲ್ಲಿ ಸರಕಾರದ ಬಿಗಿ ಸಡಿಲವಾಗಿರಲಿಲ್ಲ. ಇನ್ನೊಂದು ದಿಕ್ಕಿನಿಂದ ನೋಡಿದರೆ, ಪ್ರಭುತ್ವವನ್ನು ಬೇರುಸಹಿತ ನಿರಾಕರಿಸಿದ ಟಾಲ್‌ಸ್ಟಾಯ್ ಅದನ್ನು ಮಾಡಿದ್ದು ಯೇಸುವಿನ ಬೋಧನೆಯ ಬಲದಿಂದ. ಅವರಿಂದ ಪ್ರಭಾವಿತರಾಗಿದ್ದ ಗಾಂಧೀಜಿ 1916ರಲ್ಲಿ ಕಾಶಿಯ ಭಾಷಣದಲ್ಲಿ, ತಾನೂ ಒಬ್ಬ ಅರಾಜಕತಾವಾದಿ, ಆದರೆ ಬೇರೆ ಬಗೆಯವನು ಎಂದರು.

ತುಳುನಾಡಿನ ಉದಾಹರಣೆಯನ್ನು ಪರವಾದಿಗಳೇ ಎತ್ತಿದ್ದಾರೆ, ಆದ್ದರಿಂದ ಅದನ್ನು ಪೂರ್ತಿಯಾಗಿ ಹೇಳಬೇಕು. ಕಾರ್ಕಳದ ಗೊಮ್ಮಟ 1432ರಲ್ಲಿ ಪ್ರತಿಷ್ಠೆಯಾಯಿತು. ನಿಲ್ಲಿಸಿದವನು ಜೈನ ಅರಸ ವೀರಪಾಂಡ್ಯ. ಜೈನರನ್ನು ಇಂದಿನ ಅರ್ಥದ ನಾಸ್ತಿಕರೆನ್ನುವುದು ಸಲ್ಲದು, ಆದರೆ ಜಗತ್ತನ್ನು ಸೃಷ್ಟಿಸಿ ಆಳುವ ಈಶ್ವರನನ್ನು ಅವರ ದರ್ಶನ ಒಪ್ಪುವುದಿಲ್ಲ. ಹಾಗಿದ್ದೂ ಅವರು ಇಲ್ಲಿ ಶತಮಾನಗಳ ಕಾಲ ಅರಸೊತ್ತಿಗೆ ನಡೆಸಿದರು. ತುಳುವಿನ ಕಥನಗೀತೆಯಾದ ಪಾಡ್ದನದ ಪ್ರಕಾರ, ಮೂರ್ತಿ ಕಡೆದ ಶಿಲ್ಪಿ ಇನ್ನೆಲ್ಲೂ ಅಂಥದನ್ನು ಕಡೆಯಬಾರದೆಂದು ಕಾರ್ಕಳದ ಅರಸ ಅವನ ಒಂದು ಕೈ, ಒಂದು ಕಾಲು ಕತ್ತರಿಸಿದ. ಆ ಶಿಲ್ಪಿ ಕಲ್ಕುಡನೆಂಬ ದೈವವಾದ, ತಂಗಿ ಕಲ್ಲುರ್ಟಿಯೆಂಬ ದೈವವಾದಳು, ಇಬ್ಬರೂ ಅರಸನ ಮೇಲೆ ಸೇಡು ತೀರಿಸಿಕೊಂಡರು. ಪೆರುಮಳೆ ಬಲ್ಲಾಳನ ಎದುರು ಸೆಟೆದು ನಿಂತ ಅವಳಿ ವೀರರಾದ ಕೋಟಿ-ಚೆನ್ನಯರಿಗೂ ಇಂದು ಗರಡಿಗಳೆಂಬ ಗುಡಿಗಳಿವೆ. ಈಶ್ವರನನ್ನು ಒಪ್ಪದವರು ಆಳಿದರು, ಆಳುವವರನ್ನು ಒಪ್ಪದವರು ದೈವಗಳಾದರು. ಎರಡು ಅಧಿಕಾರಗಳು ಕೂಡಿಯೇ ಬೀಳುತ್ತವೆ ಎಂಬ ವಾದಕ್ಕೆ ಇದಕ್ಕಿಂತ ನೇರವಾದ ಉತ್ತರ ನಮ್ಮ ನೆಲದಲ್ಲಿ ನನಗೆ ಸಿಕ್ಕಿಲ್ಲ.

ಅದಕ್ಕಿಂತ ಗಟ್ಟಿಯಾದ ಆಕ್ಷೇಪ ಅಜಲು ಪದ್ಧತಿಯದು. ಊರಿನ ರೋಗರುಜಿನ ತೊಲಗಲೆಂದು ಕೂದಲು, ಉಗುರು ಬೆರೆಸಿದ ಅನ್ನವನ್ನು ಕರಾವಳಿಯ ಬುಡಕಟ್ಟಿನವರಾದ ಕೊರಗರಿಗೆ ತಿನ್ನಿಸುವ ರೂಢಿ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿತ್ತು. ಅನ್ನ ಕಲಸಿ ಕೊಡುತ್ತಿದ್ದುದು ಯಾವ ಸರಕಾರದ ಕೈಯೂ ಅಲ್ಲ, ನೆರೆಹೊರೆಯವರ ಕೈ. ಅರಾಜಕತಾವಾದಿ ಭರವಸೆಯಿಡುವ ಊರೊಟ್ಟಿನ ಒಪ್ಪಂದವೇ ಅದಾಗಿತ್ತು, ಕೊರಗರ ಒಪ್ಪಿಗೆಯೊಂದನ್ನು ಬಿಟ್ಟು. ಅದನ್ನು ಅಪರಾಧವೆಂದು ಸಾರಲು 2000ದ ಅಜಲು ನಿಷೇಧ ಕಾಯ್ದೆ ಬೇಕಾಯಿತು. ಉಂಡೆಲೆಗಳ ಮೇಲೆ ಉರುಳುವ ಮಡೆಸ್ನಾನದ ವಿರುದ್ಧ ಹೋರಾಡಿದ ವಿಚಾರವಾದಿಗಳು ಕೊನೆಗೆ ಕೇಳಿದ್ದೂ ಕಾನೂನನ್ನೇ. 2017ರಲ್ಲಿ ವಿಧಾನಮಂಡಲ ಮೌಢ್ಯ ನಿಷೇಧ ಕಾಯ್ದೆಯನ್ನು ಅಂಗೀಕರಿಸಿತು. ದೇವರ ಹೆಸರಿನಲ್ಲಿ ನಡೆಯುವ ಹಿಂಸೆಯನ್ನು ತಡೆಯಲು ನಾಸ್ತಿಕನ ಕೈಯಲ್ಲಿರುವ ಸಾಧನ ಇದೊಂದೇ ಅಲ್ಲ, ಆದರೆ ಇದನ್ನು ಬಿಸಾಡು ಎನ್ನುವವರು ಕೊರಗರ ಕೇರಿಗೆ ಹೋಗಿ ಅದನ್ನು ಹೇಳಬೇಕು.

ಪ್ರಮಾಣವಚನದ ಮಾತಿಗೂ ಉತ್ತರವಿದೆ. ನಿಷ್ಠೆ ಕೇಳುವ ಆ ಸಂವಿಧಾನದಲ್ಲೇ ತನ್ನನ್ನು ತಿದ್ದುವ ದಾರಿಯನ್ನು ಹೇಳುವ 368ನೆಯ ವಿಧಿಯಿದೆ. ಸರಕಾರದ ಮೇಲೆ ದಾವೆ ಹೂಡಬಹುದು, ಅದನ್ನು ಇಳಿಸಬಹುದು. (ನಮ್ಮ ಕಾನೂನಿನಲ್ಲಿ ದೇವರೂ ದಾವೆಗೆ ಒಳಪಡಬಲ್ಲ ವ್ಯಕ್ತಿಯೇ, ಆದರೆ ಉತ್ತರ ಕೊಡಲು ಬರುವವರು ಆಡಳಿತ ಮೊಕ್ತೇಸರರು.)

ಕೋಟದ ಶಿವರಾಮ ಕಾರಂತರು ತಾನು ಕಾಣದ ದೇವರ ಬಗ್ಗೆ ನಂಬಿಕೆ ತೋರಿದವರಲ್ಲ. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದ ಅವರೇ, 1989ರಲ್ಲಿ ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಲೋಕಸಭೆಗೆ ಸ್ಪರ್ಧಿಸಿ ಮತ ಕೇಳಿದರು. ಪ್ರಭುತ್ವದ ಬಿರುದನ್ನು ಎಸೆದವರು ಅದರ ಮತಪೆಟ್ಟಿಗೆಯನ್ನು ಎಸೆಯಲಿಲ್ಲ. ಚುನಾವಣೆಯಲ್ಲಿ ಅವರು ಸೋತರು, ಕೈಗಾದಲ್ಲಿ 2000ದಲ್ಲಿ ವಾಣಿಜ್ಯ ಉತ್ಪಾದನೆ ಆರಂಭವಾಯಿತು. ಇದನ್ನು ತನ್ನ ಪರವಾದ ಸಾಕ್ಷಿಯೆಂದು ಅರಾಜಕತಾವಾದಿ ಎತ್ತಿ ಹೇಳಿದರೆ ತಳ್ಳಿಹಾಕುವುದು ನನಗೂ ಸುಲಭವಲ್ಲ.