ನಾನು ಡಾಕ್ಟರಲ್ಲ, ಆದರೂ ಹೇಳ್ತೀನಿ

ಮೊನ್ನೆ ನಾನಿರುವ ಒಂದು ಆರೋಗ್ಯದ ಗ್ರೂಪಿನಲ್ಲಿ ಯಾರೋ ಒಂದೇ ಸಾಲು ಹಾಕಿದರು: "ಮೂರು ದಿನದಿಂದ ಮಂಡಿ ನೋವು, ಏನು ಮಾಡಲಿ?" ಎಡ ಮಂಡಿಯೋ ಬಲ ಮಂಡಿಯೋ ಹೇಳಿರಲಿಲ್ಲ. ವಯಸ್ಸು ಹೇಳಿರಲಿಲ್ಲ. ಬಿದ್ದಿದ್ದರೋ, ಓಡಿದ್ದರೋ, ಸುಮ್ನೆ ಕೂತಲ್ಲೇ ಬಂತೋ, ಅದೂ ಇಲ್ಲ. ಅದೆಲ್ಲ ಯಾರಿಗೆ ಬೇಕು? ನಾಲ್ಕು ನಿಮಿಷದೊಳಗೆ ಹನ್ನೊಂದು ಉತ್ತರ ಬಂದಿದ್ದವು.

ಮೊದಲನೆಯವರು ಯೂರಿಕ್ ಆಸಿಡ್ ಅಂದರು. ಎರಡನೆಯವರು ಕ್ಯಾಲ್ಸಿಯಂ ಕಡಿಮೆ ಅಂದರು. ಮೂರನೆಯವರ ಪ್ರಕಾರ ತೊಂದರೆ ಮಂಡಿಯದ್ದೇ ಅಲ್ಲ, ಮನಸ್ಸಿನದು. ಒಬ್ಬರು ನಡೆಯಲೇಬೇಡಿ ಅಂದರೆ, ಇನ್ನೊಬ್ಬರು ನಡೆಯೋದು ಬಿಟ್ಟಿದ್ದಕ್ಕೇ ಹೀಗಾಗಿದೆ ಅಂದರು. ಐಸ್ ಇಡಿ ಅಂದವರಿಗೂ ಬಿಸಿ ಶಾಖ ಕೊಡಿ ಅಂದವರಿಗೂ ಜಗಳ ಹತ್ತಿಕೊಂಡಿತು. ಅರ್ಧ ಗಂಟೆಯಲ್ಲಿ ಅದು ಎಷ್ಟು ಜೋರಾಯಿತೆಂದರೆ ಮಂಡಿ ಯಾರದು ಅನ್ನುವುದೇ ಮರೆತುಹೋಯಿತು.

ಹನ್ನೊಂದರಲ್ಲಿ ಒಂಬತ್ತು ಉತ್ತರಕ್ಕೆ ಒಂದೇ ಪೀಠಿಕೆ: "ನಾನು ಡಾಕ್ಟರಲ್ಲ, ಆದರೆ..."

ಈ "ಆದರೆ" ಇದೆಯಲ್ಲ, ಭಾರೀ ಶಕ್ತಿವಂತ ಪದ. ಬೇರೆಯವರು ವರ್ಷಗಟ್ಟಲೆ ನಿದ್ದೆಗೆಟ್ಟು ಓದಿ ದಾಟುವ ಹೊಳೆಯನ್ನು ಇದು ಮೂರಕ್ಷರದಲ್ಲಿ ದಾಟಿಸುತ್ತದೆ. ಕಾನೂನಿನ ಗ್ರೂಪುಗಳಲ್ಲೂ ಇದೇ ಕಥೆ. "ನಾನು ವಕೀಲ ಅಲ್ಲ" ಅನ್ನುವ ಮಾತನ್ನು ಇಂಗ್ಲಿಷಿನಲ್ಲಿ ಎಷ್ಟು ಸಲ ಟೈಪ್ ಮಾಡಬೇಕಾಯಿತೆಂದರೆ, ಕೊನೆಗೆ ಬೆರಳು ನೋವು ತಾಳಲಾರದೆ 'ಐಎಎನ್‌ಎಎಲ್' ಅಂತ ಚಿಕ್ಕದು ಮಾಡಿಕೊಂಡರು. ಸಲಹೆಯನ್ನು ಚಿಕ್ಕದು ಮಾಡುವ ಯೋಚನೆ ಮಾತ್ರ ಯಾರಿಗೂ ಬರಲಿಲ್ಲ.

1980ರ ದಶಕದಲ್ಲಿ ಅಮೆರಿಕದ ಟೀವಿಯಲ್ಲಿ ಒಂದು ಕೆಮ್ಮಿನ ಔಷಧಿಯ ಜಾಹೀರಾತು ಬರುತ್ತಿತ್ತು. ಧಾರಾವಾಹಿಯ ನಟನೊಬ್ಬ ಬಂದು, "ನಾನು ಡಾಕ್ಟರಲ್ಲ, ಟೀವಿಯಲ್ಲಿ ಡಾಕ್ಟರ್ ಪಾತ್ರ ಮಾಡುತ್ತೇನೆ" ಅಂತ ಹೇಳಿ ಔಷಧಿ ತೋರಿಸುತ್ತಿದ್ದ. ಜನ ಇವತ್ತಿಗೂ ಅದನ್ನು ನೆನೆದು ನಗುತ್ತಾರೆ. ನನಗೇನೋ ಅವನ ಮೇಲೆ ಗೌರವ ಬಂದಿದೆ. ಅವನಿಗೆ ಸ್ಕ್ರಿಪ್ಟ್ ಬರೆದುಕೊಡುವವರಾದರೂ ಇದ್ದರು.

ಇನ್ನು ಅರ್ಹತೆ ಇಲ್ಲ ಅಂತ ಒಪ್ಪಿಕೊಳ್ಳದವರ ಕಡೆ ಬರೋಣ. ಇವರಿಗೆ ಅರ್ಹತೆ ರಕ್ತಸಂಬಂಧದಿಂದ ಹರಿದು ಬರುತ್ತದೆ. ನಮ್ಮ ಗ್ರೂಪಿನಲ್ಲಿ ಒಬ್ಬರು ಮಾತು ಶುರು ಮಾಡುವುದೇ "ನಮ್ಮ ಚಿಕ್ಕಪ್ಪನ ಮಗ ಮೆಡಿಕಲ್ ಕಾಲೇಜಿನಲ್ಲಿದ್ದಾನೆ" ಅಂತ. ಎರಡು ವರ್ಷ ನಾವೆಲ್ಲ ಅವರ ಮಾತಿಗೆ ತಲೆಯಾಡಿಸಿದ ಮೇಲೆ ಗೊತ್ತಾಯಿತು, ಅವನಿರುವುದು ಅಲ್ಲಿನ ಅಕೌಂಟ್ಸ್ ಸೆಕ್ಷನ್ನಿನಲ್ಲಿ. ಇನ್ನೊಬ್ಬರು "ನಾನೇ ರಿಸರ್ಚ್ ಮಾಡಿದ್ದೀನಿ" ಅನ್ನುತ್ತಾರೆ. ಕೇಳಿದರೆ ಮೂರು ವಿಡಿಯೋ ನೋಡಿದ್ದಾರೆ, ಅದೂ ಒಂದೂವರೆ ಪಟ್ಟು ವೇಗದಲ್ಲಿ.

ಹಾಗಂತ ಡಿಗ್ರಿ ಕಾಗದ ತೋರಿಸಿದವರಿಗೆ ಮಾತ್ರ ಬಾಯಿ ತೆರೆಯಲು ಅಪ್ಪಣೆ ಅಂತ ನಾನು ಹೇಳುತ್ತಿಲ್ಲ. ಸಾವಿರ ಮೋಟಾರು ಬಿಚ್ಚಿ ಜೋಡಿಸಿದ ಮೆಕ್ಯಾನಿಕ್‌ಗೆ ಯಾವ ಕಾಗದ ಬೇಕು? ಇಪ್ಪತ್ತು ವರ್ಷ ಸಕ್ಕರೆ ಕಾಯಿಲೆ ಜೊತೆ ಬಾಳಿದವರು ತಮ್ಮ ಕಥೆ ಹೇಳಿದರೆ ನಾನು ಕಿವಿಗೊಟ್ಟು ಕೇಳುತ್ತೇನೆ. ಕಾಗದವನ್ನು ನಂಬಿದರೂ ಕಷ್ಟವೇ. 2004ರಲ್ಲಿ ಅಮೆರಿಕದಲ್ಲಿ ದುಡ್ಡಿಗೆ ಪದವಿ ಮಾರುತ್ತಿದ್ದ ಒಂದು 'ವಿಶ್ವವಿದ್ಯಾಲಯ'ವನ್ನು ಹಿಡಿಯಲು ಪೆನ್ಸಿಲ್ವೇನಿಯಾ ರಾಜ್ಯದ ಅಧಿಕಾರಿಗಳು ಕೋಲ್ಬಿ ಎಂಬ ಬೆಕ್ಕಿನ ಹೆಸರಲ್ಲಿ ಅರ್ಜಿ ಹಾಕಿದರು. ಕೇಳಿದ್ದು ಮಾಮೂಲಿ ಪದವಿ. ಅರ್ಜಿಯಲ್ಲಿದ್ದ ಕೆಲಸದ ಅನುಭವ ನೋಡಿ ಆ 'ವಿಶ್ವವಿದ್ಯಾಲಯ'ದವರು ಎಂಬಿಎನೇ ಕೊಟ್ಟುಬಿಟ್ಟರು. ಅಂಕಪಟ್ಟಿಯಲ್ಲಿ ಜಿಪಿಎ, ಅಂದರೆ ಸರಾಸರಿ ಅಂಕ, ನಾಲ್ಕಕ್ಕೆ 3.5 ಅಂತೆ. ಆ ಬೆಕ್ಕಿನ ಒಂದು ಗುಣ ಮೆಚ್ಚಬೇಕು. ಪದವಿ ಬಂದ ಮೇಲೂ ಅದು ಯಾರಿಗೂ ಹೂಡಿಕೆ ಸಲಹೆ ಕೊಡಲಿಲ್ಲ.

ಮನುಷ್ಯರು ಅಷ್ಟು ಸಂಯಮಿಗಳಲ್ಲ. ವಿಕಿಪೀಡಿಯಾದಲ್ಲಿ ಎಸ್‌ಜೇ ಎಂಬ ಹೆಸರಿನ ಸಂಪಾದಕರೊಬ್ಬರಿದ್ದರು. ತಾನು ದೇವತಾಶಾಸ್ತ್ರದ ಪ್ರೊಫೆಸರ್, ಡಾಕ್ಟರೇಟ್ ಇದೆ ಅಂತ ಹೇಳಿಕೊಂಡಿದ್ದರು. ವಾದ ಬಂದಾಗ ಆ ಪದವಿಯನ್ನೇ ಗುರಾಣಿ ಮಾಡಿಕೊಳ್ಳುತ್ತಿದ್ದರು. ದೊಡ್ಡ ಪತ್ರಿಕೆಯೊಂದು ನಂಬಿ ಬರೆಯಿತು ಕೂಡ. 2007ರಲ್ಲಿ ನಿಜ ಹೊರಬಿತ್ತು: ಪ್ರೊಫೆಸರರ ವಯಸ್ಸು 24, ಪದವಿಗಳು ಪೂರ್ತಿ ಸುಳ್ಳು. ಹೋಗಲಿ, ಇನ್ನು ಮುಂದೆ ಪದವಿ ಇದೆ ಅನ್ನುವವರದ್ದನ್ನು ಪರೀಕ್ಷೆ ಮಾಡೋಣ ಅಂತ ಒಂದು ಪ್ರಸ್ತಾಪ ಬಂತು. ಅದು ಜಾರಿಗೆ ಬರಲಿಲ್ಲ. ನನಗೆ ತಮಾಷೆ ಅನ್ನಿಸಿದ್ದು ಬೇರೆಯೇ. ಆ ಹುಡುಗ ಮಾಡಿದ ಕೆಲಸ ಬಹಳ ಜನಕ್ಕೆ ಇಷ್ಟವಾಗಿತ್ತು. ಅಷ್ಟು ಚೆನ್ನಾಗಿ ಕೆಲಸ ಮಾಡುವವನಿಗೂ ಬರೀ ಕೆಲಸ ಸಾಲದು, ಒಂದು ಸುಳ್ಳು ಕೋಟು ಬೇಕು ಅನ್ನಿಸಿತ್ತಲ್ಲ.

ನಮ್ಮ ಗ್ರೂಪಿನಲ್ಲಿ ಒಬ್ಬರು ನಿಜವಾದ ಮೂಳೆ ಡಾಕ್ಟರ್ ಇದ್ದಾರೆ. ಮಂಡಿಯ ವಿಷಯಕ್ಕೆ ಅವರೂ ಬಂದರು. ಬಂದವರು ಉತ್ತರ ಕೊಡಲಿಲ್ಲ, ಪ್ರಶ್ನೆ ಕೇಳಿದರು. ಊತ ಇದೆಯಾ? ಜ್ವರ ಇದೆಯಾ? ಕಾಲೂರಲು ಆಗುತ್ತಾ? ಮಂಡಿ ಮಡಚಿದಾಗ ಲಾಕ್ ಆಗುತ್ತಾ? ಕೊನೆಗೆ, "ನೋಡದೆ ಹೇಳೋದು ಕಷ್ಟ, ಹತ್ತಿರದ ಡಾಕ್ಟರಿಗೆ ಒಮ್ಮೆ ತೋರಿಸಿ" ಅಂದರು.

ಒಂದೇ ಒಂದು ಲೈಕ್ ಬಿತ್ತು. ಅದು ನನ್ನದು. ಅದೂ ಕೈತಪ್ಪಿ.

ಕೆಳಗೆ ಒಬ್ಬರು ಬರೆದರು, "ಗೊತ್ತಿಲ್ಲ ಅಂದರೆ ಗೊತ್ತಿಲ್ಲ ಅನ್ನಿ ಸರ್, ಪ್ರಶ್ನೆ ಕೇಳಿ ಯಾಕೆ ಟೈಮ್ ವೇಸ್ಟ್ ಮಾಡ್ತೀರಾ?" ಅದಕ್ಕೆ 46 ಲೈಕ್. ಡಾಕ್ಟರು ಆಮೇಲೆ ಮಾತಾಡಲಿಲ್ಲ. ಅವರು ಈಗ ಗ್ರೂಪಿನಲ್ಲಿ ಹುಟ್ಟುಹಬ್ಬದ ಶುಭಾಶಯ ಮಾತ್ರ ಹೇಳುತ್ತಾರೆ.

ಇಂಥ ಹೊತ್ತಲ್ಲಿ ಯಾರಾದರೂ ಒಬ್ಬರು "ಡನ್ನಿಂಗ್-ಕ್ರೂಗರ್ ಎಫೆಕ್ಟ್" ಅಂತ ಎಸೆಯಲೇಬೇಕು. ಎಸೆದರು. ಕಮ್ಮಿ ತಿಳಿದವರೇ ತಮಗೆ ಬಹಳ ತಿಳಿದಿದೆ ಅಂದುಕೊಳ್ಳುವುದಕ್ಕೆ ಈ ಹೆಸರು. ವಿಷಯ ಇಷ್ಟು. 1995ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಒಬ್ಬ ಮುಖಕ್ಕೆ ನಿಂಬೆ ರಸ ಬಳಿದುಕೊಂಡು ಹಾಡಹಗಲೇ ಎರಡು ಬ್ಯಾಂಕ್ ದರೋಡೆ ಮಾಡಿದ. ನಿಂಬೆ ರಸದಲ್ಲಿ ಬರೆದ ಅಕ್ಷರ ಕಾಣುವುದಿಲ್ಲ, ಹಾಗಾದರೆ ಕ್ಯಾಮೆರಾಗೆ ನನ್ನ ಮುಖವೂ ಕಾಣುವುದಿಲ್ಲ ಅನ್ನುವುದು ಅವನ ಲೆಕ್ಕ. ಪೊಲೀಸರು ಹಿಡಿದಾಗ ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ಡೇವಿಡ್ ಡನ್ನಿಂಗ್, ಜಸ್ಟಿನ್ ಕ್ರೂಗರ್ ಎಂಬ ಮನಃಶಾಸ್ತ್ರಜ್ಞರು 1999ರ ತಮ್ಮ ಲೇಖನವನ್ನು ಇವನ ಕಥೆಯಿಂದಲೇ ಶುರು ಮಾಡಿದರು. ಅವರ ಪರೀಕ್ಷೆಗಳಲ್ಲಿ ಅಂಕದ ಲೆಕ್ಕದಲ್ಲಿ ಕೆಳಗಿನ ಕಾಲು ಭಾಗದವರು ನಿಜವಾಗಿ ನಿಂತಿದ್ದು ನೂರು ಮೆಟ್ಟಿಲಿನಲ್ಲಿ 12ನೆಯದರ ಹತ್ತಿರ. ತಾವು 62ನೆಯದರಲ್ಲಿದ್ದೇವೆ ಅಂದುಕೊಂಡಿದ್ದರು. ಮೇಲಿನ ಕಾಲು ಭಾಗದವರು ತಮ್ಮನ್ನು ಇದ್ದದ್ದಕ್ಕಿಂತ ಸ್ವಲ್ಪ ಕೆಳಗೇ ಇಟ್ಟುಕೊಂಡಿದ್ದರು. ಈ ಲೆಕ್ಕದ ಬಗ್ಗೆ ಸಂಖ್ಯಾಶಾಸ್ತ್ರದವರ ತಕರಾರೂ ಇದೆ. ಆ ತಕರಾರು ಗ್ರೂಪುಗಳಿಗೆ ತಲುಪಿಲ್ಲ. ಲೇಖನವೂ ತಲುಪಿಲ್ಲ, ಹೆಸರು ಮಾತ್ರ ತಲುಪಿದೆ. ನಾನು ಇದುವರೆಗೆ ಅದನ್ನು ತನ್ನ ಮೇಲೇ ಹಾಕಿಕೊಂಡವರನ್ನು ನೋಡಿಲ್ಲ. ಎಲ್ಲರೂ ಎದುರಿನವನ ಮುಖದಲ್ಲೇ ನಿಂಬೆ ರಸ ಹುಡುಕುತ್ತಾರೆ.

ಈಗ ನನ್ನ ವಿಷಯ. ಅದೇ ಗ್ರೂಪಿನಲ್ಲಿ ನನ್ನ ಹೆಸರಿನ ಪಕ್ಕ ಒಂದು ಬ್ಯಾಡ್ಜ್ ಇದೆ: 'ಟಾಪ್ ಕಾಂಟ್ರಿಬ್ಯೂಟರ್'. ಬಂಗಾರದ ಬಣ್ಣ, ನೋಡಲು ಚೆಂದ. ದಿನಾ ಬೆಳಿಗ್ಗೆ ಹೂವಿನ ಚಿತ್ರದ ಜೊತೆ ಶುಭೋದಯ ಹಾಕುತ್ತಿದ್ದೆ, ಎರಡು ವರ್ಷ ಒಂದು ದಿನವೂ ತಪ್ಪಿಸಿಲ್ಲ. ಅದಕ್ಕೆ ಬಂದದ್ದು. ಎಷ್ಟು ಸಲ ಬಾಯಿ ತೆರೆದೆ ಅನ್ನುವುದನ್ನು ಯಂತ್ರ ಎಣಿಸುತ್ತದೆ. ತೆರೆದ ಬಾಯಿಂದ ಏನು ಬಂತು ಅನ್ನುವುದು ಅದಕ್ಕೆ ಬೇಡ. ಮೂಳೆ ಡಾಕ್ಟರಿಗೆ ಬ್ಯಾಡ್ಜ್ ಇಲ್ಲ. ಅವರು ಕಮ್ಮಿ ಮಾತಾಡುತ್ತಾರೆ.

ರಾತ್ರಿ ಹತ್ತಕ್ಕೆ ಇನ್‌ಬಾಕ್ಸಿಗೆ ಮೆಸೇಜು ಬಂತು. ಮಂಡಿಯವರದ್ದೇ.

"ನಮಸ್ತೆ ಸರ್. ಗ್ರೂಪಿನಲ್ಲಿ ಎಲ್ಲರೂ ಬಾಯಿಗೆ ಬಂದದ್ದು ಹೇಳ್ತಾರೆ. ನೀವು ಎಕ್ಸ್‌ಪರ್ಟ್ ಅಲ್ವಾ, ಅದಕ್ಕೆ ನಿಮ್ಮನ್ನೇ ಕೇಳೋಣ ಅಂತ."

ಬೆರಳ ತುದಿಗೆ ಯೂರಿಕ್ ಆಸಿಡ್ ಬಂದೇಬಿಟ್ಟಿತ್ತು. ಕಷ್ಟಪಟ್ಟು ತಡೆದುಕೊಂಡೆ. ಇದ್ದದ್ದನ್ನು ಇದ್ದ ಹಾಗೆ ಬರೆದೆ: "ನನಗೆ ಮಂಡಿಯ ಬಗ್ಗೆ ಏನೂ ಗೊತ್ತಿಲ್ಲ ಸರ್. ನಾನು ಹೂವಿನ ಚಿತ್ರ ಹಾಕೋನು. ಆ ಡಾಕ್ಟರ್ ಹೇಳಿದ ಹಾಗೆ ಒಮ್ಮೆ ತೋರಿಸಿಬಿಡಿ."

ಸ್ವಲ್ಪ ಹೊತ್ತು ಸುದ್ದಿಯಿಲ್ಲ. ಆಮೇಲೆ ಕೈಮುಗಿಯುವ ಗುರುತು ಮೂರು ಬಂದವು.

"ಎಂಥ ವಿನಯ ಸರ್ ನಿಮ್ಮದು! ತಿಳಿದವರು ಯಾವತ್ತೂ ಹೀಗೇ ಮಾತಾಡೋದು. ಇರಲಿ, ಈಗ ಹೇಳಿ, ಐಸೋ, ಬಿಸಿ ಶಾಖವೋ?"