ಅಟ್ಟೆಯ ಲೆಕ್ಕವಿಲ್ಲದ ಹೂ

ಮದುವೆಯಾಗಿ ಬೆಂಗಳೂರಿಗೆ ಬರುವವರೆಗೂ ನನಗೆ ಮಲ್ಲಿಗೆ ಹೂವನ್ನು ಕಂಡರಾಗುತ್ತಿರಲಿಲ್ಲ.

ಉಡುಪಿ ಜಿಲ್ಲೆಯ ಶಂಕರಪುರದ ಆಸುಪಾಸಿನಲ್ಲಿ ಹುಟ್ಟಿ ಬೆಳೆದವರಿಗೆ ಇದು ಅರ್ಥವಾಗುತ್ತದೆ. ನೀವೆಲ್ಲ ಉಡುಪಿ ಮಲ್ಲಿಗೆ ಎಂದು ಆಸೆಪಟ್ಟು ಮುಡಿಯುವ ಹೂವನ್ನು ಮೊಗ್ಗಾಗಿರುವಾಗಲೇ ಕೊಯ್ಯಬೇಕು, ಅರಳುವುದರೊಳಗೆ ಕಟ್ಟಿ ಮುಗಿಸಬೇಕು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಗೆ 3,200 ಮೊಗ್ಗು. ದರ ದಿನದಿನವೂ ಬದಲಾಗುತ್ತದೆ. ಮದುವೆಯ ಕಾಲದಲ್ಲಿ ಅಟ್ಟೆಗೆ ಎರಡು ಸಾವಿರ ರೂಪಾಯಿ ದಾಟಿದ್ದೂ ಉಂಟು, ಕೊಯ್ದ ಕೂಲಿಯೂ ಹುಟ್ಟದೆ ಹೋದದ್ದೂ ಉಂಟು. ಬೆಳಕು ಹರಿಯುವ ಮೊದಲೇ ಅಮ್ಮ ಗಿಡದ ಬುಡದಲ್ಲಿರುತ್ತಿದ್ದಳು. ನಾವು ಮಕ್ಕಳು ಕಣ್ಣುಜ್ಜಿಕೊಳ್ಳುತ್ತಾ ಜಗಲಿಯಲ್ಲಿ ಸಾಲಾಗಿ ಕುಳಿತು, ನೆನೆಸಿಟ್ಟ ಬಾಳೆನಾರನ್ನು ಸೀಳಿ ಕಟ್ಟಲು ತೊಡಗುತ್ತಿದ್ದೆವು. ಹೂವು ಒಯ್ಯುವವರು ಬರುವ ಹೊತ್ತು ಸಮೀಪಿಸಿದಂತೆ ಅಮ್ಮನ ಧ್ವನಿ ಏರುತ್ತಿತ್ತು. "ಬೇಗ, ಬೇಗ, ಗಂಟೆ ಎಷ್ಟಾಯಿತು ನೋಡು." ಶಾಲೆಗೆ ತಡವಾಗುವ ಭಯ ಒಂದು ಕಡೆ, ಒಂದು ಚೆಂಡು ಕಡಿಮೆ ಬಿದ್ದರೆ ಅಂಗಡಿಯ ಸಾಲ ತೀರುವುದಿಲ್ಲ ಎಂಬ ಅಮ್ಮನ ಮುಖ ಇನ್ನೊಂದು ಕಡೆ. ಒತ್ತಡ ಎಂಬ ಪದ ಆಗ ನನಗೆ ಗೊತ್ತಿರಲಿಲ್ಲ. ಆದರೆ ಆ ಹೊತ್ತಿನಲ್ಲಿ ಹೊಟ್ಟೆಯೊಳಗೆ ಏನೋ ಗಂಟು ಬೀಳುತ್ತಿದ್ದುದು ಚೆನ್ನಾಗಿ ನೆನಪಿದೆ.

ಅದೇ ಗಂಟು ಇಪ್ಪತ್ತೈದು ವರ್ಷಗಳ ನಂತರ ಮತ್ತೆ ಬಿತ್ತು. ನಾನು ಕೆಲಸ ಮಾಡುವುದು ಬ್ಯಾಂಕಿನ ಒಂದು ಶಾಖೆಯಲ್ಲಿ. ಜನವರಿ ಬಂದರೆ ಸಾಕು, ಮಾರ್ಚ್ 31ರ ನೆರಳು ಬೀಳುತ್ತದೆ. ಸಾಲ ವಸೂಲಾತಿ ಒಂದು ಕಡೆಯಾದರೆ, ನಮ್ಮ ಕೆಲಸವೇ ಅಲ್ಲದ ವಿಮಾ ಪಾಲಿಸಿ ಮಾರಾಟದ ಗುರಿ ಇನ್ನೊಂದು ಕಡೆ. ದಿನವೂ ಬೆಳಿಗ್ಗೆ ಎಲ್ಲರ ಎದುರಿಗೆ ನಿನ್ನೆಯ ಅಂಕಿ ಓದಿ ಹೇಳಬೇಕು. ಪಿಂಚಣಿ ತೆಗೆದುಕೊಳ್ಳಲು ಬಂದ ಅಜ್ಜನೊಬ್ಬನಿಗೆ ಪಾಲಿಸಿ ಒಪ್ಪಿಸಲು ಹೇಳಿದ ದಿನ ನನಗೆ ಊಟ ಇಳಿಯಲಿಲ್ಲ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಹಲ್ಲು ಕಚ್ಚಿ ಕಚ್ಚಿ ಬೆಳಿಗ್ಗೆ ದವಡೆ ನೋಯುತ್ತಿತ್ತು.

ಯಾರು ಏನು ಹೇಳಿದರೋ ಅದನ್ನೆಲ್ಲ ಮಾಡಿದೆ. ಮೊದಲು ಧ್ಯಾನದ ತರಗತಿಗೆ ಸೇರಿದೆ. ಕಣ್ಣು ಮುಚ್ಚಿ ಕುಳಿತರೆ ಎದೆಬಡಿತವೇ ಕಿವಿಗೆ ಕೇಳಿಸುತ್ತಿತ್ತು, ಉಸಿರು ಮೇಲುಮೇಲಕ್ಕೆ ಬರುತ್ತಿತ್ತು. "ಮನಸ್ಸನ್ನು ಖಾಲಿ ಮಾಡಿ" ಎಂದು ಗುರುಗಳು ಹೇಳಿದಷ್ಟೂ ಅದು ತುಂಬುತ್ತಲೇ ಹೋಗುತ್ತಿತ್ತು. ಪಕ್ಕದಲ್ಲಿ ಕುಳಿತವರೆಲ್ಲ ನೆಮ್ಮದಿಯಾಗಿರುವಾಗ ನನಗೊಬ್ಬಳಿಗೇ ಇದು ಆಗುವುದಿಲ್ಲವಲ್ಲ ಎಂಬ ದುಃಖ ಬೇರೆ. ಸುಮ್ಮನೆ ಕುಳಿತು ಸಡಿಲಗೊಳ್ಳಲು ಹೋದಾಗಲೇ ಕೆಲವರಲ್ಲಿ ಆತಂಕ ಹೆಚ್ಚುತ್ತದೆ ಎಂಬುದನ್ನು ಮನೋವಿಜ್ಞಾನಿಗಳು 1980ರ ದಶಕದಲ್ಲಿಯೇ ಗುರುತಿಸಿದ್ದಾರೆ. ಇದನ್ನು ನಾನು ಓದಿದ್ದು ಬಹಳ ತಡವಾಗಿ. ಮೊದಲೇ ಯಾರಾದರೂ ಹೇಳಿದ್ದರೆ ಅಷ್ಟು ತಿಂಗಳು ನನ್ನನ್ನೇ ಹಳಿದುಕೊಳ್ಳುತ್ತಿರಲಿಲ್ಲ. ಧ್ಯಾನದಿಂದ ಬದುಕು ಹಸನಾದವರು ನನ್ನ ಬಳಗದಲ್ಲಿಯೇ ಇದ್ದಾರೆ, ಅದರ ಬಗ್ಗೆ ನನಗೆ ಗೌರವವಿದೆ. ಅದು ನನಗೆ ಒಗ್ಗಲಿಲ್ಲ, ಅಷ್ಟೇ. ಆಮೇಲೆ ಮುಂಜಾನೆಯ ನಡಿಗೆ. ಮೊಬೈಲಿನಲ್ಲಿ ಹೆಜ್ಜೆ ಎಣಿಸತೊಡಗಿದೆ. ಹತ್ತು ಸಾವಿರ ಮುಟ್ಟದ ದಿನ ಮನಸ್ಸು ಮಂಕಾಗುತ್ತಿತ್ತು. ಕಚೇರಿಯಲ್ಲಿ ಒಂದು ಗುರಿ, ಉದ್ಯಾನದಲ್ಲಿ ಇನ್ನೊಂದು.

ಒಂದು ಸಂಜೆ ಗಾಂಧಿ ಬಜಾರಿನಲ್ಲಿ ಹಾಗೆಯೇ ನಡೆದು ಬರುತ್ತಿದ್ದಾಗ ಬಿಡಿ ಮಲ್ಲಿಗೆ ಮೊಗ್ಗಿನ ರಾಶಿ ಕಂಡಿತು. ಯಾಕೆಂದು ತಿಳಿಯದು, ನೂರು ಗ್ರಾಂ ಕೊಂಡೆ. ಮನೆಯಲ್ಲಿ ಬಾಳೆನಾರು ಎಲ್ಲಿಂದ ಬರಬೇಕು? ಹೊಲಿಗೆ ಡಬ್ಬಿಯ ದಾರ ತೆಗೆದು ನೆಲದ ಮೇಲೆ ಕುಳಿತೆ. ಎರಡು ಮೊಗ್ಗು ಆ ಕಡೆ ಮುಖ, ಎರಡು ಈ ಕಡೆ ಮುಖ, ತೊಟ್ಟಿನ ಮೇಲೊಂದು ಸುತ್ತು, ಕುಣಿಕೆ, ಮೆಲ್ಲನೆ ಒಂದು ಎಳೆತ. ಬಿಗಿ ಹೆಚ್ಚಾದರೆ ತೊಟ್ಟು ತುಂಡಾಗುತ್ತದೆ, ಕಡಿಮೆಯಾದರೆ ಮೊಗ್ಗು ಜಾರುತ್ತದೆ. ಬೆರಳಿಗೆ ಎಲ್ಲವೂ ನೆನಪಿತ್ತು. ತಲೆಯೆತ್ತಿ ನೋಡಿದಾಗ ಮುಕ್ಕಾಲು ಗಂಟೆ ಕಳೆದಿತ್ತು. ದವಡೆ ಸಡಿಲವಾಗಿತ್ತು. ಅಂದು ರಾತ್ರಿ ಮೂರಕ್ಕೆ ಎಚ್ಚರವಾಗಲಿಲ್ಲ.

ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ ಇದು. ಅದೇ ಹೂವು, ಅದೇ ಕೈ. ಅಂದು ಹೊಟ್ಟೆಯಲ್ಲಿ ಗಂಟು ಹಾಕಿದ್ದು ಇಂದು ಬಿಡಿಸುವುದು ಹೇಗೆ? ಅಮೆರಿಕದ ಮನೋವಿಜ್ಞಾನಿಗಳಾದ ರಿಚರ್ಡ್ ಲಜಾರಸ್ ಮತ್ತು ಸೂಸನ್ ಫೋಕ್‌ಮನ್ 1984ರಲ್ಲಿ ಮಂಡಿಸಿದ ವಿಚಾರ ಓದಿದಾಗ ಸ್ವಲ್ಪ ಹೊಳೆಯಿತು. ಒತ್ತಡ ಬರೀ ಘಟನೆಯಲ್ಲಿ ಇರುವುದಿಲ್ಲ. ಇದು ನನಗೆ ಎಷ್ಟು ಮುಖ್ಯ, ಇದನ್ನು ನಿಭಾಯಿಸುವ ಬಲ ನನ್ನಲ್ಲಿ ಇದೆಯೇ ಎಂದು ಮನಸ್ಸು ಹಾಕುವ ಲೆಕ್ಕದಲ್ಲಿಯೂ ಇರುತ್ತದೆ ಎನ್ನುತ್ತಾರೆ ಅವರು. ಜಗಲಿಯಲ್ಲಿ ಕಟ್ಟಿದ ಹೂವಿಗೆ ನಮ್ಮ ಊಟದ ಲೆಕ್ಕವಿತ್ತು. ಇಲ್ಲಿ ನಾನು ಅರ್ಧಕ್ಕೆ ಬಿಟ್ಟು ಎದ್ದರೂ ಯಾರ ಮನೆಯ ಒಲೆಯೂ ಆರುವುದಿಲ್ಲ.

ಆದ್ದರಿಂದಲೇ, "ಒತ್ತಡ ಹೋಗಬೇಕೇ, ಹೀಗೆ ಮಾಡಿ" ಎಂದು ಎಲ್ಲರಿಗೂ ಒಂದೇ ಮದ್ದು ಹಂಚುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮದ್ದು ಹಿಡಿಯದಿದ್ದಾಗ ತಪ್ಪು ತನ್ನದೇ ಎಂದು ಆ ಜೀವ ಇನ್ನಷ್ಟು ಕುಗ್ಗುತ್ತದೆ. ನಮ್ಮ ಶಾಖೆಯಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ಶನಿವಾರ ಸಂಜೆ ಹಳೆಯ ರೇಡಿಯೊ ಬಿಚ್ಚಿ ಜೋಡಿಸುತ್ತಾರೆ. ಇನ್ನೊಬ್ಬಳು ಹಿತ್ತಾಳೆ ಪಾತ್ರೆಗಳನ್ನು ಹುಣಸೆಹಣ್ಣು ಹಚ್ಚಿ ಫಳಫಳ ಹೊಳೆಯುವವರೆಗೆ ಉಜ್ಜುತ್ತಾಳೆ. ನನಗಾದರೆ ಪಾತ್ರೆ ತೊಳೆಯುವುದೇ ದೊಡ್ಡ ತಲೆನೋವು. ನಿಮ್ಮದು ಯಾವುದು ಎಂದು ಹುಡುಕುತ್ತಿದ್ದರೆ, ಯಾವ ಕೆಲಸದಲ್ಲಿ ನೀವು ಗಡಿಯಾರ ನೋಡುವುದಿಲ್ಲ, ಯಾವುದನ್ನು ನಡುವೆ ಕೈಬಿಟ್ಟರೂ ಯಾರಿಗೂ ಉತ್ತರ ಕೊಡಬೇಕಾಗಿಲ್ಲ ಎಂದು ಗಮನಿಸಿ. ಒಮ್ಮೊಮ್ಮೆ ಅದು ನೀವು ಬಿಟ್ಟು ಓಡಿಬಂದ ಕೆಲಸವೇ ಆಗಿರಬಹುದು.

ಇದರ ಮಿತಿಯನ್ನೂ ಹೇಳಬೇಕು. ಹೂ ಕಟ್ಟಿದ್ದರಿಂದ ಕಚೇರಿಯ ಗುರಿ ಕಡಿಮೆಯಾಗಲಿಲ್ಲ. ವಯಸ್ಸಾದವರಿಗೆ ಪಾಲಿಸಿ ಹೇರುವುದಿಲ್ಲ ಎಂದು ಬರೆದುಕೊಟ್ಟು, ಅದಕ್ಕಾಗಿ ಮಾತು ಕೇಳಿಸಿಕೊಂಡದ್ದು ಬೇರೆಯೇ ಕಥೆ. ಅದನ್ನು ಬರೆಯುವ ಧೈರ್ಯ ಬಂದದ್ದು ನಾಲ್ಕು ರಾತ್ರಿ ಸರಿಯಾಗಿ ನಿದ್ದೆ ಮಾಡಿದ ಮೇಲೆ. ಇನ್ನು, ವಾರಗಟ್ಟಲೆ ನಿದ್ದೆಯಿಲ್ಲದಿದ್ದರೆ, ಬದುಕೇ ಬೇಡವೆನಿಸಿದರೆ, ಹೂವು ರೇಡಿಯೊ ಎಂದು ಕಾಯಬೇಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಮೊನ್ನೆ ಎದುರು ಮನೆಯವರು ಮಗಳ ಸೀಮಂತಕ್ಕೆ ಇಪ್ಪತ್ತು ಮೊಳ ಕಟ್ಟಿಕೊಡಲು ಕೇಳಿದರು, ದುಡ್ಡನ್ನೂ ಕೊಡುತ್ತೇವೆ ಎಂದರು. ಬೇಸರವಾಗದಂತೆ ಇಲ್ಲವೆಂದೆ. ಇಷ್ಟು ಮೊಳ, ಇಂಥ ದಿನ ಎಂದಾದರೆ ನನ್ನ ಪಾಲಿಗೆ ಅದು ಮತ್ತೆ ಅಟ್ಟೆಯೇ.

ಅಮ್ಮ ಈಗ ನನ್ನ ಜೊತೆಗಿದ್ದಾಳೆ. ಊರಿನ ಗಿಡಗಳನ್ನು ಪಕ್ಕದ ಮನೆಯವರಿಗೆ ಬಿಟ್ಟುಕೊಟ್ಟು ಬಂದಿದ್ದಾಳೆ. ಹೂವಿನ ಬುಟ್ಟಿಯನ್ನು ಅವಳು ಮುಟ್ಟುವುದಿಲ್ಲ. ಆಗೆಲ್ಲ ಹೂವು ಹೊರಟುಹೋದ ಮೇಲೆ ಬಾವಿಕಟ್ಟೆಯಲ್ಲಿ ಒಬ್ಬಳೇ ಕುಳಿತು ಎಲೆಗೆ ಸುಣ್ಣ ಸವರಿ, ನಿಧಾನಕ್ಕೆ ಮಡಚಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಆ ಹತ್ತು ನಿಮಿಷ ಅವಳನ್ನು ಮಾತನಾಡಿಸಬಾರದೆಂದು ನಮಗೆ ಗೊತ್ತಿತ್ತು, ಯಾಕೆಂದು ಗೊತ್ತಿರಲಿಲ್ಲ. ಈಗ ಬಾಲ್ಕನಿಯಲ್ಲಿ ಅದೇ ರೀತಿ ಕೂರುತ್ತಾಳೆ. ಭಾನುವಾರ ಬೆಳಿಗ್ಗೆ ನಾನು ಒಳಗೆ ಹೂ ಕಟ್ಟುತ್ತಿದ್ದರೆ, ಎಲೆಯ ತೊಟ್ಟು ಮುರಿಯುತ್ತಾ ಒಮ್ಮೆ ನನ್ನ ಕೈಯತ್ತ ನೋಡಿ ಕೇಳುತ್ತಾಳೆ, "ಗಂಟೆ ಎಷ್ಟಾಯಿತು ಮಗಳೇ?"

"ಗೊತ್ತಿಲ್ಲ ಅಮ್ಮಾ" ಎನ್ನುತ್ತೇನೆ.